ಬ್ರೋನಾ ಮೇಡಂಗೆ ನಾವು ಮಾಡಿದ ಸನ್ಮಾನ

ಕಾರ್ಯಕ್ರಮ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. ದೋಹಾದಲ್ಲಿ ನಮ್ಮ ಕನ್ನಡದವರ ಯಾವ ಸಮಾರಂಭವಿದ್ದರೂ ಮೈಕ್ ಹಿಡಿಯುವವಳು ನಾನೇ. ಊರಿಂದ ಬಂದ ಯಕ್ಷಗಾನದವರಿರಲಿ, ಕೆಲಸ ಮುಗಿಸಿ ಊರಿಗೆ ಹೊರಟ ಅಕೌಂಟೆಂಟ್ ಇರಲಿ, ನನ್ನ ಕೈಯಿಂದ ಶಾಲು ಹೊದಿಸಿಕೊಳ್ಳದೆ ಈ ದೇಶ ಬಿಟ್ಟವರು ಕಡಿಮೆ. ಹಾಗಾಗಿ ಮಗಳು ಅನ್ವಿತಾ ಬಂದು ಒಂದು ಚಿಲ್ಲರೆ ಕೆಲಸ ಹೇಳಿದಾಗ ನನಗೆ ಸ್ವಲ್ಪ ಅವಮಾನವೇ ಆಯಿತು.

“ಅಮ್ಮ, ಫ್ರೈಡೇ ಮಾರ್ನಿಂಗ್‌ಗೆ ಒಂದು ಗ್ರೌಂಡ್ ಬುಕ್ ಮಾಡ್ತೀಯಾ? ಜಸ್ಟ್ ಗ್ರೌಂಡ್. ಬೇರೆ ಎಂತದೂ ಬೇಡ.”

ವಿಷಯ ಇಷ್ಟು. ಅವಳ ಶಾಲೆಯ ಪಿ.ಟಿ. ಟೀಚರ್ ಬ್ರೋನಾ ಮೇಡಂ ಐರ್ಲೆಂಡಿನವರು. ಒಂದು ಕಾಲದಲ್ಲಿ ತಮ್ಮ ದೇಶದ ಹೆಂಗಸರ ರಗ್ಬಿ ತಂಡದಲ್ಲಿ ಆಡಿದವರು. ಕೆಲಸ ಬಿಟ್ಟು ಶುಕ್ರವಾರ ರಾತ್ರಿಯ ವಿಮಾನಕ್ಕೆ ಊರಿಗೆ ಹೊರಟಿದ್ದರು. ಶಾಲೆಯಲ್ಲಿ ರಗ್ಬಿ ಆಡಿಸುವುದಿಲ್ಲ; ಬರೀ ಕತೆ ಹೇಳಿ ಹೇಳಿ ನಮ್ಮ ಹುಡುಗಿಯರ ಗುಂಪಿಗೆ ಆ ಆಟದ ಹುಚ್ಚು ಹಿಡಿಸಿದ್ದು ಅವರೇ. ಇಲ್ಲೊಂದು ಕ್ಲಬ್ಬಿನ ಹುಡುಗಿಯರ ಟೀಮಿನಲ್ಲಿ ಜಾಗ ಖಾಲಿ ಇತ್ತು. ಆದರೆ ಏನೂ ಗೊತ್ತಿಲ್ಲದವರನ್ನು ಕ್ಲಬ್ಬಿನವರು ಸುಲಭಕ್ಕೆ ಸೇರಿಸುವುದಿಲ್ಲ. “ಹೊರಡುವ ದಿನ ಬೆಳಗ್ಗೆ ನಿಮ್ಮನ್ನು ಆಡಿಸಿ ನೋಡುತ್ತೇನೆ, ಆಡುವವರ ಹೆಸರು ಅಲ್ಲಿಯ ಕೋಚ್‌ಗೆ ಹೇಳುತ್ತೇನೆ” ಎಂದಿದ್ದರಂತೆ ಮೇಡಂ. ಒಂದೇ ಒಂದು ಬೆಳಗ್ಗೆ. ಅದಕ್ಕೊಂದು ಮೈದಾನ. ನನ್ನ ಪಾಲಿಗೆ ಬಂದದ್ದು ಅಷ್ಟೇ.

ನಮ್ಮೂರಿನ ಕಡೆಯವರೇ ಆದ ಹಮೀದಾಕನಿಗೆ ಫೋನ್ ಮಾಡಿದೆ. ಇಲ್ಲಿ ಅವರಿಗೆ ಗೊತ್ತಿಲ್ಲದ ಜನವಿಲ್ಲ. ನಮ್ಮ ಮನೆಯಿರುವ ಅಲ್ ಅಜೀಜಿಯಾದ ಹತ್ತಿರವೇ ಒಂದು ಮೈದಾನ ಸಿಕ್ಕಿತು. “ಏಳರಿಂದ ಎಂಟೂವರೆ, ಶೋಭಕ್ಕ. ಎಂಟೂವರೆಗೆ ಖಲಾಸ್. ಮತ್ತೆ ಬೇರೆಯವರದ್ದು ಬುಕ್ಕಿಂಗ್ ಉಂಟು” ಎಂದರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯ ತಾಯಿ ಆಗುತ್ತಿದ್ದೆ.

ಆದರೆ ಅಂತಾರಾಷ್ಟ್ರೀಯ ಆಟಗಾರ್ತಿ ಬರುತ್ತಾರೆ ಎಂಬ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೂಡಲೇ ಅಧ್ಯಕ್ಷ ಸಂಜೀವಣ್ಣನ ಫೋನ್.

“ಶೋಭಾ, ದೇಶಕ್ಕೆ ಆಡಿದವರನ್ನು ಬರಿಗೈಯಲ್ಲಿ ಕಳಿಸ್ಲಿಕ್ಕೆ ಆಗ್ತದಾ? ನಮ್ಮ ಮರ್ಯಾದೆ ಎಂತ ಆಗ್ಬೇಕು?”

“ಅದೇ ನಾನೂ ಯೋಚನೆ ಮಾಡಿದ್ದು ಅಣ್ಣ” ಎಂದೆ. ಮಾಡಿರಲಿಲ್ಲ. ಆ ಕ್ಷಣದಿಂದ ಮಾಡತೊಡಗಿದೆ.

ಮೊದಲು ಒಂದು ಶಾಲು ಎಂದಾಯಿತು. ಶಾಲು ಇದ್ದ ಮೇಲೆ ಮೈಸೂರು ಪೇಟ ಬೇಡವೇ? ಪೇಟ ಇದ್ದ ಮೇಲೆ ಹಾರ, ಹಣ್ಣಿನ ಬುಟ್ಟಿ, ಫಲಕ. ಸೂಕ್ ವಾಕಿಫ್ ಮಾರುಕಟ್ಟೆಗೆ ಹೋಗಿ ಖರ್ಜೂರದ ದೊಡ್ಡ ಡಬ್ಬಿ ತಂದೆ. ಇಷ್ಟೆಲ್ಲ ಆದ ಮೇಲೆ ಬ್ಯಾನರ್, ಮೈಕ್, ಕಾರ್ಪೆಟ್, ಅತಿಥಿಗೊಂದು ಮಖಮಲ್ ಕುರ್ಚಿ.

ನನ್ನ ಗಂಡ ಸುಧಾಕರ ಆ ಕುರ್ಚಿಯನ್ನು ಕಾರಿಗೆ ತುರುಕುತ್ತಾ ಕೇಳಿದರು, “ಅಲ್ಲ ಮಾರಾಯ್ತಿ, ಮಕ್ಕಳು ಆಡುದು ಯಾವಾಗ?”

“ಐದು ನಿಮಿಷದ ಪ್ರೋಗ್ರಾಂ ರೀ.”

“ನಿನ್ನ ಐದು ನಿಮಿಷ ನಂಗೆ ಗೊತ್ತುಂಟು. ಐದು ನಿಮಿಷದಲ್ಲಿ ಫೋನಿಟ್ಟು ಬಂದೆ ಅಂತ ಹೇಳಿ ಮಧ್ಯಾಹ್ನದ ಊಟ ತಪ್ಪಿಸಿದವಳು ನೀನು.”

ಶುಕ್ರವಾರ ಬಂತು. ಬ್ರೋನಾ ಮೇಡಂ ಶಾರ್ಟ್ಸ್ ಹಾಕಿಕೊಂಡು, ಚೆಂಡುಗಳ ದೊಡ್ಡ ಚೀಲ ಹೆಗಲಿಗೇರಿಸಿಕೊಂಡು, ಏಳಕ್ಕಿಂತ ಮೊದಲೇ ಬಂದರು. ಹುಡುಗಿಯರು ಆಗಲೇ ಓಡಾಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಮೇಡಂ ಅವರ ಕಡೆ ಹೊರಟರು. ನಾನು ದಾರಿಗೆ ಅಡ್ಡ ಬಂದು, ಕೈಹಿಡಿದು, ಕುರ್ಚಿಯಲ್ಲಿ ಕೂರಿಸಿದೆ. ತೊಡೆಯ ಮೇಲೆ ಒಂದು ಚೆಂಡಿಟ್ಟುಕೊಂಡು ಅವರು ಕೂತರು. ರೈಲಿಗೆ ಕಾಯುವವರ ಹಾಗೆ.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಆಮೇಲೆ ದೀಪ ಬೆಳಗಬೇಕಿತ್ತು. ಬಯಲಲ್ಲಿ ಗಾಳಿ. ಕಡ್ಡಿ ಗೀರಿದಷ್ಟೂ ಆರುತ್ತಿತ್ತು. ಸಂಜೀವಣ್ಣ ಪಂಚೆಯನ್ನು ಪರದೆಯಂತೆ ಹಿಡಿಯಲು ಹೋಗಿ, ಅದಕ್ಕೆ ಬೆಂಕಿ ತಗುಲುವುದೊಂದೇ ಬಾಕಿ. ಮೇಡಂಗೆ ಸಾಕಾಗಿರಬೇಕು. ಎದ್ದು ಬಂದು ಕಮಿಟಿಯ ಗಂಡಸರನ್ನು ಹೆಗಲಿಗೆ ಹೆಗಲು ತಾಗಿಸಿ, ತಲೆ ಬಗ್ಗಿಸಿ, ದೀಪದ ಸುತ್ತ ಗಟ್ಟಿಯಾಗಿ ನಿಲ್ಲಿಸಿದರು. ರಗ್ಬಿಯಲ್ಲಿ ಎರಡು ತಂಡದವರು ಹಾಗೆಯೇ ತಲೆಗೆ ತಲೆ ಕೊಟ್ಟು ತಳ್ಳುವುದಂತೆ. ದೀಪ ಹೊತ್ತಿತು. ಆ ಬೆಳಗ್ಗೆ ಆ ಮೈದಾನದಲ್ಲಿ ನಡೆದ ರಗ್ಬಿ ಅದೊಂದೇ. ಆಡಿದವರು ಸಂಜೀವಣ್ಣ ಮತ್ತು ಬಳಗ.

ನಂತರ ಪರಿಚಯ ಭಾಷಣ. ನನ್ನದು.

ಮೊದಲೇ ನಾನು ಫೋನ್ ಮಾಡಿ ಕೇಳಿದಾಗ ಮೇಡಂ ತಮ್ಮ ಕತೆಯನ್ನು ನಗುತ್ತಾ ಚುಟುಕಾಗಿ ಹೇಳಿದ್ದರು. ಹುಡುಗಿಯಾಗಿದ್ದಾಗ ಅವರೂರಿನ ಫುಟ್‌ಬಾಲ್. ಅದರಲ್ಲಿ ಚೆಂಡನ್ನು ಕಾಲಲ್ಲೂ ಒದೆಯಬಹುದು, ಕೈಯಲ್ಲೂ ಹಿಡಿಯಬಹುದು. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್. ನಡುನಡುವೆ ಓಟ. ರಗ್ಬಿ ಚೆಂಡು ಮುಟ್ಟಿದ್ದು ಇಪ್ಪತ್ತೈದು ದಾಟಿದ ಮೇಲೆ. ಗೆಳತಿಯ ಮ್ಯಾಚ್ ನೋಡಲು ಹೋಗಿದ್ದರು. ಅಲ್ಲಿ ಟೀಮಿಗೆ ಒಬ್ಬಳು ಕಮ್ಮಿ ಬಿದ್ದಳು, ಇವರು ಯಾರದೋ ಶೂ ಹಾಕಿಕೊಂಡು ಇಳಿದರು. ಆಮೇಲೆ ಹಗಲು ಟೀಚರ್ ಕೆಲಸ, ಸಂಜೆ ಪ್ರಾಕ್ಟೀಸ್. ಮೂಗು ಮುರಿಯಿತು, ಭುಜ ಜಾರಿತು, ದೇಶದ ಜೆರ್ಸಿ ಬಂತು.

ಇದನ್ನು ನಾನು ಹಾಗೇ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಐರ್ಲೆಂಡಿನ ಹವಾಮಾನದಿಂದ ಶುರು ಮಾಡಿದೆ. ಸ್ತ್ರೀಶಕ್ತಿಗೆ ಬಂದೆ. ರಗ್ಬಿಗೂ ಕಬಡ್ಡಿಗೂ ಇರುವ ಸಂಬಂಧವನ್ನು ರಗ್ಬಿ ಆಡಿದವರಿಗೇ ವಿವರಿಸಿದೆ. ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಅತಿಥಿಗೆ ಬೇಸರವಾಗಬಾರದೆಂದು ಮತ್ತೆ ಇಂಗ್ಲಿಷಿನಲ್ಲಿ ಹೇಳಿದೆ. ದೂರದಲ್ಲಿ ಅನ್ವಿತಾ ತನ್ನ ಮಣಿಕಟ್ಟನ್ನು ತಟ್ಟಿ ತಟ್ಟಿ ತೋರಿಸುತ್ತಿದ್ದಳು. ಕಂಡಿತು. ಕಾಣದ ಹಾಗೆ ಮಾಡಿದೆ. ಮಾತು ಆಗಷ್ಟೇ ಚೆನ್ನಾಗಿ ಹದಕ್ಕೆ ಬಂದಿತ್ತು.

ಸಂಜೀವಣ್ಣ “ಎರಡೇ ಮಾತು” ಎಂದು ಎದ್ದರು. ಅವರ ಎರಡು ಮಾತಿನಲ್ಲಿ ಸಂಘದ ಹುಟ್ಟಿನಿಂದ ಇಲ್ಲಿಯವರೆಗಿನ ಚರಿತ್ರೆ ಬಂತು. ಆಮೇಲೆ ಶಾಲು, ಹಾರ. ಮೇಡಂನ ಜುಟ್ಟಿನ ಮೇಲೆ ಪೇಟ ಕೂರಲಿಲ್ಲ, ಪಿನ್ನು ಹುಡುಕಿದೆವು. ಪ್ರತಿ ಕುಟುಂಬಕ್ಕೂ ಫೋಟೋ ಬೇಕಿತ್ತು. ಕಣ್ಣು ಮುಚ್ಚಿದವರಿಗೆ ಇನ್ನೊಂದು ಬೇಕಿತ್ತು.

“ಶೋಭಕ್ಕ, ಯಲ್ಲಾ, ಬೇಗ ಬೇಗ, ಟೈಮ್ ಆಯ್ತು” ಎಂದರು ಹಮೀದಾಕ.

ತಿರುಗಿ ನೋಡಿದರೆ ಕ್ರಿಕೆಟ್ ಕಿಟ್ ಹಿಡಿದ ಹುಡುಗರು ಗೆರೆಯ ಆಚೆ ಸಾಲಾಗಿ ನಿಂತಿದ್ದರು. ಹಮೀದಾಕ ಹೋಗಿ ಸ್ವಲ್ಪ ಹೊತ್ತು ಕೊಡಿ ಎಂದು ಕೇಳಿದರು. ವಾಪಸು ಬಂದು ತಲೆ ಆಡಿಸಿದರು. “ಮಾಫಿ, ಆಗುದಿಲ್ಲ. ಅವರು ಅಷ್ಟು ದೂರ ಅಲ್ ಖೋರ್‌ನಿಂದ ಕಂಪನಿ ಬಸ್ಸಲ್ಲಿ ಬಂದದ್ದು. ಬಸ್ಸು ಕಾಯುದಿಲ್ಲ. ವಾರಕ್ಕೆ ಇದೊಂದು ರಜೆ ಅವರಿಗೆ. ನಾನು ಯಾವ ಬಾಯಲ್ಲಿ ಕೇಳುದು?”

ಕಾರ್ಪೆಟ್ ಸುತ್ತಿದೆವು. ಅವರು ಬಂದು ಅದೇ ಜಾಗದಲ್ಲಿ ವಿಕೆಟ್ ನೆಟ್ಟರು.

ಹುಡುಗಿಯರು ಪಾರ್ಕಿಂಗಿನಲ್ಲಿ ಗುಂಪಾಗಿ ನಿಂತಿದ್ದರು. ಯಾರೂ ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು. ಮೇಡಂ ಪೇಟ ತೆಗೆದು ನನ್ನ ಕೈಗೆ ಕೊಟ್ಟು ಅವರ ಹತ್ತಿರ ಹೋದರು. ಮನೆಯ ಬೀಗದ ಕೈ ಕೊಡಲು ಓನರ್ ಹತ್ತಿರ ಹೋಗಬೇಕು, ಸಾಮಾನು ಇನ್ನೂ ಅರ್ಧ ಕಟ್ಟಿದೆ, ಇನ್ನು ನಿಲ್ಲಲು ಆಗುವುದಿಲ್ಲ ಎಂದರು.

ನಾನು ನಡುವೆ ತೂರಿದೆ. “ಮೇಡಂ, ಕೋಚ್‌ಗೆ ಒಂದು ಮಾತು ಹೇಳಿಬಿಡಿ. ಅನ್ವಿತಾ ಒಳ್ಳೆ ಓಡ್ತಾಳೆ.”

ಅವರು ಅನ್ವಿತಾಳನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು, “ಇವಳು ಆಡಿದ್ದನ್ನು ನಾನು ನೋಡಲೇ ಇಲ್ಲವಲ್ಲ. ಏನೆಂದು ಹೇಳಲಿ?”

ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ. ನಾವು ಸನ್ಮಾನದಲ್ಲಿ ಹೇಳುವಷ್ಟು ಸಲೀಸಾಗಿ ಅವರಿಗೆ ಬರುವುದಿಲ್ಲ.

ಕಾರಿನಲ್ಲಿ ಅನ್ವಿತಾ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸುಧಾಕರ ಎಸಿಯ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತಿದ್ದರು.

“ಸಾರಿ ಪುಟ್ಟ” ಎಂದೆ.

“ಇಟ್ಸ್ ಓಕೆ ಅಮ್ಮ. ಬಟ್ ನಾನು ಗ್ರೌಂಡ್ ಮಾತ್ರ ಕೇಳಿದ್ದು.”

ಮರುವಾರ ಅವಳೇ ಕ್ಲಬ್ಬಿಗೆ ಹೋದಳು. ನಾನು ಬಂದು ಕೋಚ್ ಹತ್ತಿರ ಮಾತಾಡುತ್ತೇನೆ ಎಂದಾಗ ನನ್ನ ಮಗಳು ಎರಡೂ ಕೈ ಜೋಡಿಸಿದಳು. “ಪ್ಲೀಸ್ ಅಮ್ಮ. ನೀನು ಕಾರಲ್ಲೇ ಕೂತ್ಕೋ.” ಕೂತೆ. ಈ ಹಿಂದೆ ಆಡಿದ್ದೀಯಾ ಎಂದು ಕೇಳಿದರಂತೆ, ಇಲ್ಲ ಎಂದಳಂತೆ. ಜಾಗ ಭರ್ತಿಯಾಗಿದೆ, ಬೇಕಾದರೆ ಬಂದು ಟೀಮಿನವರಿಗೆ ಸಹಾಯ ಮಾಡುತ್ತಾ ನೋಡಿ ಕಲಿ ಎಂದರಂತೆ. ಅವಳು ಒಪ್ಪಿದಳು.

ಈಗ ಪ್ರತಿ ಶನಿವಾರ ಕರೆದುಕೊಂಡು ಹೋಗುತ್ತೇನೆ. ಗಾಜು ಏರಿಸಿಕೊಂಡು ಕಾರಿನಲ್ಲೇ ಇರುತ್ತೇನೆ. ಮೊನ್ನೆ ಯಾವುದೋ ಹುಡುಗಿಯ ತಾಯಿ ಬಂದು ಗಾಜು ತಟ್ಟಿ, ಅವರಲ್ಲಿ ನಿಮ್ಮ ಮಗಳು ಯಾರು ಎಂದು ವಿಚಾರಿಸಿದರು.

ಮೈದಾನದ ಕಡೆ ಕೈ ತೋರಿಸಿ, “ನೀರಿನ ಬಾಟಲಿ ಹಿಡಿದು ಓಡ್ತಾ ಇದ್ದಾಳಲ್ಲ, ಅವಳು” ಎಂದೆ.

ನಾನು ಈವರೆಗೆ ಮಾಡಿದ್ದರಲ್ಲಿ ಅದೇ ಅತ್ಯಂತ ಚಿಕ್ಕ ಪರಿಚಯ ಭಾಷಣ.