ಬ್ರಯಾನ್‌ಗೆ ಇನ್ನೂ ವಯಸ್ಸಾಗಿಲ್ಲ

ಅಸೂಯೆ ಎನ್ನುವುದು ಬರೆಯುವಾಗ ಬಳಸುವ ಪದ. ನನಗಿರುವುದು ಹೊಟ್ಟೆಕಿಚ್ಚು. ಅದನ್ನು ಇದ್ದ ಹಾಗೆಯೇ ಯಾರೂ ಮನೆಯಿಂದ ಹೊರಗೆ ಕಳಿಸುವುದಿಲ್ಲ, ತಲೆ ಬಾಚಿ, ಒಳ್ಳೆಯ ಬಟ್ಟೆ ತೊಡಿಸಿ ಕಳಿಸುತ್ತಾರೆ. ಕೆಲವರ ಹೊಟ್ಟೆಕಿಚ್ಚು ಶಿಸ್ತು ಎಂಬ ಹೆಸರಿನಲ್ಲಿ ಓಡಾಡುತ್ತದೆ, ಕೆಲವರದು ಕಾಳಜಿ ಎಂಬ ಹೆಸರಿನಲ್ಲಿ. ನನ್ನದಕ್ಕೆ ನಾನಿಟ್ಟ ಹೆಸರು ವನ್ಯಜೀವಿ ನಿರ್ವಹಣೆ.

ನಾನು ಕೊಡಗಿನವಳು, ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಕಾರುಗಳ ಬ್ರೇಕಿನ ಕೆಲಸ ಮಾಡುವ ಎಂಜಿನಿಯರ್. ಕೊವೆಂಟ್ರಿಯಾಚೆ ಒಬ್ಬ ರೈತನ ಕಾಡಿನಲ್ಲಿ ಜಿಂಕೆ ಬೇಟೆಗೆ ಅನುಮತಿ ಪಡೆದ ನಾಲ್ವರಲ್ಲಿ ನಾನೂ ಒಬ್ಬಳು. ಇಲ್ಲಿ ಜಿಂಕೆಗಳು ಹೆಚ್ಚಾಗಿ ಎಳೆಯ ಸಸಿ ಉಳಿಯುವುದಿಲ್ಲ, ಹಾಗಾಗಿ ಪ್ರತಿವರ್ಷ ಒಂದಿಷ್ಟನ್ನು ಹೊಡೆಯಲೇಬೇಕು. ಇದನ್ನು ನಾನು ಎಲ್ಲೂ ಹೇಳಿಕೊಳ್ಳುವುದಿಲ್ಲ. ರಾಜ್ಯೋತ್ಸವದ ಊಟದಲ್ಲಿ ಯಾರಾದರೂ “ವೀಕೆಂಡ್ ಏನ್ ಮಾಡ್ತೀರಿ?” ಎಂದು ಕೇಳಿದರೆ “ವಾಕಿಂಗ್” ಎನ್ನುತ್ತೇನೆ. ಸುಳ್ಳೇನಲ್ಲ. ನನ್ನ ಬೇಟೆಯಲ್ಲಿ ಬಹುಪಾಲು ಆಗುವುದು ಅದೇ.

ನಮ್ಮ ಮನೆಯಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಅಣ್ಣಂದಿರನ್ನೆಲ್ಲ ಸೋಲಿಸಿ ಕಾಯಿ ಒಡೆದವಳು ನಾನು. ತೆಂಗಿನಕಾಯಿಗೆ ಮೂಗೂ ಇಲ್ಲ, ಕಿವಿಯೂ ಇಲ್ಲ, ಅನುಮಾನ ಬಂದರೆ ಓಡಿಹೋಗಲು ಕಾಲೂ ಇಲ್ಲ ಎಂಬುದು ನನಗೆ ಹೊಳೆದದ್ದು ಇಲ್ಲಿಗೆ ಬಂದ ಮೇಲೆ.

ಹೊಟ್ಟೆಕಿಚ್ಚಿನ ಮೂಲ ನಮ್ಮ ನಾಲ್ವರಲ್ಲೇ ಒಬ್ಬನಾದ ಗಿರೀಶ. ಬೆಂಗಳೂರಿನವನು, ಲೆಮಿಂಗ್ಟನ್‌ನಲ್ಲಿ ವಿಡಿಯೋ ಗೇಮ್ ತಯಾರಿಸುತ್ತಾನೆ; ಮೊದಲ ಸಲ ಕೋವಿ ಹಿಡಿದದ್ದೂ ಪರದೆಯ ಮೇಲೆಯೇ. ನನಗಿಂತ ದೊಡ್ಡವನಾದರೂ ನನ್ನನ್ನು ‘ಅಕ್ಕ’ ಎನ್ನುತ್ತಾನೆ. ಅವನು ಅಟ್ಟಣೆಯ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದರೂ ಜಿಂಕೆಗಳು ಬಂದು ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ನಿಲ್ಲುತ್ತವೆ. ನಾನು ಉಸಿರು ಬಿಗಿಹಿಡಿದು ಕುಳಿತ ಕಡೆಗೆ ಬರುವುದು ನಾಯಿಯನ್ನು ಅಡ್ಡಾಡಿಸಲು ಹೊರಟವರು ಮಾತ್ರ.

ಒಂದು ವರ್ಷ, ಒಳ್ಳೆಯ ಕೊಂಬು ಬರುವ ಲಕ್ಷಣವಿದ್ದ ಎಳೆಯ ಗಂಡು ಜಿಂಕೆಯೊಂದು ನಾವು ಕಾಡಿನ ಮರಕ್ಕೆ ಕಟ್ಟಿದ್ದ ಕ್ಯಾಮೆರಾದಲ್ಲಿ ಕಾಣಿಸಿತು. ಮುಂದಿನ ಶನಿವಾರ ಅದು ಗಿರೀಶನ ಮುಂದೆಯೇ ಬಂದು ನಿಲ್ಲುತ್ತದೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಶುಕ್ರವಾರವೇ ಎಲ್ಲರನ್ನೂ ಪಬ್ಬಿಗೆ ಕರೆದು ಲ್ಯಾಪ್‌ಟಾಪ್ ತೆರೆದೆ. ಎಳೆಯ ಗಂಡುಗಳನ್ನು ಬಿಡೋಣ, ಕೊಂಬು ಅಂಗೈಯಂತೆ ಅಗಲವಾಗಲು ವರ್ಷಗಳು ಬೇಕು, ಹೆಣ್ಣುಗಳನ್ನು ಕಡಿಮೆ ಮಾಡಿದರೆ ರೈತನಿಗೂ ಅನುಕೂಲ ಎಂದು ಸ್ಲೈಡುಗಳ ಸಮೇತ ವಿವರಿಸಿದೆ.

ಕಾರ್ಖಾನೆಯಿಂದ ನಿವೃತ್ತನಾದ ಕೀತ್ ನಮ್ಮ ಗುಂಪಿನ ಹಿರಿಯ. “ನಾವು ಬಿಟ್ರೆ ಪಕ್ಕದ ಜಮೀನಿನವ್ರು ಹೊಡೀತಾರೆ, ಬ್ಯಾಬ್,” ಎಂದ. ಬ್ಯಾಬ್ ಎಂದರೆ ಈ ಕಡೆಯವರ ‘ಮಗಳೇ’. ಅವನ ಭಾವಮೈದುನ ಡೇವ್, “ಕೊಂಬನ್ನ ಬೇಯಿಸಿಕೊಂಡು ತಿನ್ನೋಕಾಗುತ್ತಾ?” ಎಂದ.

ಅಷ್ಟರಲ್ಲಿ ಚಿಪ್ಸ್ ತಿನ್ನುತ್ತಿದ್ದ ಗಿರೀಶ ಪರದೆಯತ್ತ ಬಗ್ಗಿ, “ಇವನ ಮುಖ ನೋಡಿದ್ರೆ ಬ್ರಯಾನ್ ಅನ್ನೋ ಹೆಸರಿಡಬೇಕು ಅನ್ಸುತ್ತೆ,” ಎಂದ.

ಕೀತ್ ಕನ್ನಡಕ ಹಾಕಿಕೊಂಡು ನೋಡಿದ. ಅವನ ಮಾವನ ಹೆಸರು ಬ್ರಯಾನ್ ಅಂತೆ, ಮೂಗೂ ಹೀಗೇ ಇತ್ತಂತೆ. ಡೇವ್‌ನ ದನಿಯೂ ಮೆತ್ತಗಾಯಿತು: “ಬ್ರಯಾನ್‌ನ ಹೇಗಪ್ಪಾ ಹೊಡೆಯೋದು? ಇನ್ನೂ ಮಗು.” ಹೆಸರಿಟ್ಟ ಎಳೆಯ ಪ್ರಾಣಿಗೆ ಗುಂಡು ಹಾರಿಸುವ ಇಂಗ್ಲಿಷ್ ಮನುಷ್ಯ ಇನ್ನೂ ಹುಟ್ಟಿಲ್ಲ. ಎಳೆಯವನ್ನು ಬಿಡುವುದು, ವರ್ಷಕ್ಕೆ ಒಂದೇ ದೊಡ್ಡ ಗಂಡು, ಅದೂ ಸರದಿಯ ಪ್ರಕಾರ ಎಂದು ತೀರ್ಮಾನವಾಯಿತು. ಬ್ರಯಾನ್ ದೊಡ್ಡವನಾದಾಗ ಮೊದಲ ಸರದಿ ನನ್ನದು. ನಾನು ಗೆದ್ದಿದ್ದೆ, ಆದರೆ ಎಲ್ಲರೂ ಬೆನ್ನು ತಟ್ಟಿದ್ದು ಗಿರೀಶನದು.

ಆಮೇಲಿನ ವರ್ಷಗಳಲ್ಲಿ ಬ್ರಯಾನ್ ಕೂಡ ಅವನ ಕಡೆಗೇ ಸೇರಿಕೊಂಡ. ಮಂಜಿನಲ್ಲಿ ಬ್ರಯಾನ್, ಮಳೆಯಲ್ಲಿ ಬ್ರಯಾನ್, ಆಕಳಿಸುತ್ತಿರುವ ಬ್ರಯಾನ್: ಗಿರೀಶನ ಫೋಟೋಗಳಿಂದ ವಾಟ್ಸ್ಯಾಪ್ ಗುಂಪು ತುಂಬಿಹೋಯಿತು. ನನಗೆ ಬ್ರಯಾನ್‌ನ ಬಾಲ ಕೂಡ ಕಾಣಿಸಲಿಲ್ಲ. ಒಂದು ಜಿಂಕೆಯ ಮೇಲೆ ಮುನಿಸಿಕೊಳ್ಳುವ ಮಟ್ಟಕ್ಕೆ ಇಳಿಯುತ್ತೇನೆಂದು ಎಂ.ಎಸ್ಸಿ. ಓದುವಾಗ ಅಂದುಕೊಂಡಿರಲಿಲ್ಲ.

ಈ ಶರತ್ಕಾಲದಲ್ಲಿ ನನ್ನ ಸರದಿ ಬಂತು. “ಸುಮ್ನೆ ಕಂಪೆನಿ ಕೊಡ್ತೀನಿ ಅಕ್ಕ,” ಎಂದು ಗಿರೀಶನೂ ಅಟ್ಟಣೆ ಹತ್ತಿ ಪಕ್ಕದಲ್ಲಿ ಕುಳಿತ. ಬೆಳಗು ಹರಿಯುತ್ತಿದ್ದಂತೆ ಬ್ರಯಾನ್ ಬಂದ. ಅಗಲವಾದ ಕೊಂಬು, ದಪ್ಪ ಕುತ್ತಿಗೆ, ಒಳ್ಳೆಯ ನೌಕರಿಯಲ್ಲಿರುವವನ ನಡಿಗೆ. ಬಂದು, ಪಕ್ಕೆ ಪೂರ್ತಿ ಕಾಣುವಂತೆ ಅಡ್ಡಕ್ಕೆ ನಿಂತ. ನಾನು ಬಂದೂಕು ಎತ್ತಿದೆ.

“ಅಕ್ಕಾ, ನಮ್ಮ ಹುಡುಗ ಹೆಂಗಾಗಿದಾನೆ ನೋಡಿ,” ಎಂದು ಗಿರೀಶ ಪಿಸುಗುಟ್ಟಿದ.

ನಮ್ಮ ಹುಡುಗ! ಆಗ ನನ್ನ ಕಣ್ಣ ಮುಂದೆ ಬ್ರಯಾನ್ ಬದಲು, ಗುಂಡು ಹಾರಿದ ಮೇಲಿನ ವಾಟ್ಸ್ಯಾಪ್ ಗುಂಪು ಬಂತು. ಒಡೆದ ಹೃದಯದ ಚಿತ್ರಗಳು, ಅಷ್ಟೂ ಗಿರೀಶನ ಹೆಸರಿಗೆ. ಡೇವ್ ಅವನನ್ನು ತಬ್ಬಿ ಸಮಾಧಾನ ಮಾಡುತ್ತಾನೆ. ಇಷ್ಟು ವರ್ಷ ಕಾದು ಹೊಡೆದ ನಾನು ಕಟುಕಿಯಾಗುತ್ತೇನೆ. ಆ ಸಂತಾಪವನ್ನೂ ಅವನಿಗೇ ಬಿಟ್ಟುಕೊಡಲು ನನ್ನಿಂದಾಗಲಿಲ್ಲ.

ಬಂದೂಕು ಇಳಿಸಿ, “ಇನ್ನೂ ಒಂದು ವರ್ಷ ಬೇಕು. ಕೊಂಬಿನ ಹಿಂಭಾಗ ತುಂಬಿಲ್ಲ,” ಎಂದೆ.

“ಹೌದಾ? ನಂಗೆ ಫುಲ್ ದೊಡ್ಡೋನ ಥರಾನೇ ಕಾಣ್ತಾನೆ.”

“ನಿಮಗೆ ಗೊತ್ತಾಗಲ್ಲ,” ಎಂದೆ, ತಜ್ಞಳ ದನಿಯಲ್ಲಿ.

ಕೆಳಗೆ ಕಾರಿನ ಬಳಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದ ಕೀತ್ ಸುದ್ದಿ ಕೇಳಿ ಟೋಪಿ ತೆಗೆದ. “ಎದುರಿಗೆ ಬಂದು ನಿಂತವನನ್ನ ಬಿಟ್ಟೆಯಾ? ಇಂಥ ಸಂಯಮ ನಾನು ನೋಡಿಲ್ಲ, ಬ್ಯಾಬ್.” ಡೇವ್ ತನ್ನ ಪಾಲಿನ ಕೇಕನ್ನು ನನಗೆ ಕೊಟ್ಟ. ಗಿರೀಶನನ್ನು ಯಾರೂ ನೋಡುತ್ತಿರಲಿಲ್ಲ. ಅಷ್ಟು ರುಚಿಯಾದ ಕೇಕನ್ನು ನಾನು ಈ ದೇಶದಲ್ಲಿ ತಿಂದಿಲ್ಲ.

“ಹಂಗಾದ್ರೆ ಮುಂದಿನ ವರ್ಷ ಕರೆಕ್ಟಾಗಿ ಬಲಿತಿರ್ತಾನೆ,” ಎಂದ ಗಿರೀಶ. “ಆಗ ನನ್ನ ಟರ್ನ್ ಅಲ್ವಾ ಅಕ್ಕ? ಒಳ್ಳೇದೇ ಆಯ್ತು. ಅಮ್ಮಾನೂ ಬರ್ತಿದಾರೆ, ಮುದ್ದೆ ಜೊತೆ ಸಾರು ಮಾಡಿಸ್ಬೋದು.”

ಕೀತ್, ಡೇವ್, ಗಿರೀಶ ಮೂವರೂ ನನ್ನ ಅಭಿಪ್ರಾಯಕ್ಕಾಗಿ ಗೌರವದಿಂದ ಕಾದರು. ಕೇಕು ಬಾಯಲ್ಲೇ ಇತ್ತು. ಹೌದೆಂದು ತಲೆಯಾಡಿಸಿದೆ.

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದೆ. ಬಲಿತ ಗಂಡು ಜಿಂಕೆಗಳನ್ನೂ ಹೊಡೆಯದೆ ಬಿಟ್ಟರೆ ಕಾಡಿಗೆ ಆಗುವ ಪ್ರಯೋಜನಗಳ ಬಗ್ಗೆ ಸ್ಲೈಡು ತಯಾರಿಸುತ್ತಿದ್ದೇನೆ. ಪ್ರಯೋಜನ ಇನ್ನೂ ಒಂದೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.