ಸಂಧಿ ಬಿಡಿಸಿಕೊಡಲಾಗುವುದು

ಸಾವಿನ ಮನೆಗೆ ಜನ ಹಣ್ಣು ಹಿಡಿದುಕೊಂಡು ಬರುತ್ತಾರೆ, ಅಕ್ಕಿ ಬೇಳೆ ಹಿಡಿದುಕೊಂಡು ಬರುತ್ತಾರೆ. ಅಡಿವೆಪ್ಪ ಕಾಕಾ ಹಿಟ್ಟಿನ ಗಿರಣಿ ಹಿಡಿದುಕೊಂಡು ಬಂದರು!

ಚನ್ನವೀರನ ಮಣ್ಣು ಮುಗಿದು, ಮುಂದಿನ ಕಾರ್ಯಗಳೂ ಮುಗಿದು, ನೆಂಟರ ಕೊನೆಯ ಚೀಲವೂ ಬಸ್ಸು ಹತ್ತಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅದು. ಎದೆ ಉರಿಯುತ್ತಿದೆ ಎಂದು ಸ್ಕೂಟರ್ ನಿಲ್ಲಿಸಿ ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ, ನಡೆದದ್ದು ಅಷ್ಟೇ. ಅವನ ಹೆಂಡತಿ ಮುಕ್ತಾ ಒಲೆಯ ಮುಂದೆ ನಿಂತು, ಚಹಾಕ್ಕೆ ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಯೋಚನೆ ಮುಗಿಯುವಷ್ಟರಲ್ಲಿ ನೀರು ಅರ್ಧ ಇಂಗಿತ್ತು. ಆಗಲೇ ಹೊರಗೆ ಗಡಗಡ ಸದ್ದು.

"ಮುಕ್ತವ್ವಾ, ಬಾಗಲಾ ಪೂರಾ ತಗಿ! ಉಪಾಯಪ್ಪ ಒಳಗ ಬರಬೇಕು!"

ಪಕ್ಕದ ಮನೆಯ ಅಡಿವೆಪ್ಪ ಕಾಕಾ ಟೆಲಿಫೋನ್ ತಂತಿ ದುರಸ್ತಿ ಮಾಡಿ ನಿವೃತ್ತರಾದವರು. ಆಮೇಲೆ ಓಣಿಯಲ್ಲಿ ಸರಿಯಾಗಿದ್ದದ್ದನ್ನೆಲ್ಲ ಕೆಡಿಸುತ್ತ ಬಂದವರು. ಈಗ ಗಾಲಿ ಹಚ್ಚಿ, ಉಪಾಯಪ್ಪ ಎಂದು ಹೆಸರಿಟ್ಟ ಗಿರಣಿಯೊಂದನ್ನು ನೂಕಿಕೊಂಡು ನಡುಮನೆಗೆ ಬಂದರು. ಗಿರಣಿಯ ಬದಿಗೆ ಹಳೇ ಟೆಲಿಫೋನಿನ ರಿಸೀವರ್ ಕಿವಿಯ ಹಾಗೆ ಜೋತಿತ್ತು. ಹಿಟ್ಟು ಬೀಳುವ ಬಾಯಿಗೆ ಬಸ್ಸಿನ ಟಿಕೆಟ್ ಮಷೀನು. ಹಿಂದಿನಿಂದ ಅವರ ಹೆಂಡತಿ ಕಾಶವ್ವ ಚಿಗವ್ವ ಸೆರಗು ಸಿಕ್ಕಿಸಿಕೊಂಡು ಬಂದಳು.

"ನನ್ನ ಗಿರಣಿರೀ ಅದು! ನನ್ನ ತಮ್ಮ ಕೊಟ್ಟದ್ದು!"

"ನಿನ್ನ ಗಿರಣಿಗೆ ಬುದ್ಧಿ ಕೊಟ್ಟೀನಿ. ಸಂತೋಷಪಡು."

"ನಿಮ್ಮಲ್ಲಿ ಇದ್ದದ್ದನ್ನೆಲ್ಲಾ ಅದಕ್ಕ ಕೊಟ್ಟು ಖಾಲಿ ಕುಂತೀರೇನು ಮತ್ತ?"

ಕಾಕಾ ಕೇಳಿಸಿಕೊಳ್ಳಲಿಲ್ಲ. ಮುಕ್ತಾಳ ಕಡೆ ತಿರುಗಿ ಕೈ ಮೇಲೆತ್ತಿದರು.

"ನಿಮ್ಮ ಅಣ್ಣ ಹೋಗುವಾಗ ಹೇಳಿದ್ದು ನಾನೂ ಕೇಳೀನಿ. ಹೊಸ ಬ್ಯಾಚು ಕೂಡಿದ್ರ ನೀ ಇಲ್ಲೇ ಇರಾಕ ಅಡ್ಡಿ ಇಲ್ಲ. ಇಲ್ಲಾಂದ್ರ ರವಿವಾರ ಗದಗಿನಿಂದ ಟೆಂಪೋ ತಂದು ನಿನ್ನ, ನಿನ್ನ ಸಾಮಾನಾ ಎಲ್ಲಾ ಹೇರಿಕೊಂಡು ಹೋಕ್ಕಾನ. ಹೌದಿಲ್ಲೋ?"

ಹೌದು. ಮುಕ್ತಾ ಕನ್ನಡ ಎಂ.ಎ. ಶಿಕ್ಷಕರ ಪರೀಕ್ಷೆಗೆ ಕೂರುವವರಿಗೆ ಮನೆಯಿಂದಲೇ ಆನ್‌ಲೈನಿನಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದಳು. 'ಸಂಧಿ ತರಗತಿ' ಎಂದು ಹೆಸರಿಟ್ಟವನು ಚನ್ನವೀರ. ವಿದ್ಯಾರ್ಥಿಗಳನ್ನು ಹುಡುಕಿ ತರುವವನೂ ಅವನೇ. 'ಕಲಿಸೂದು ನಿಂದು, ಕರಿಯೂದು ನಂದು' ಎನ್ನುತ್ತಿದ್ದ. ಹಳೇ ಬ್ಯಾಚು ಪರೀಕ್ಷೆ ಬರೆದು ಹೋಗಿತ್ತು. ಈಗ ಕಲಿಸುವವಳು ಇದ್ದಳು, ಕರೆಯುವವನು ಇರಲಿಲ್ಲ. ಈ ಮನೆ ಬಿಟ್ಟು ಅಣ್ಣನ ಮನೆಯ ಮೂಲೆಯ ಕೋಣೆಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಬೇಡ ಎಂದು ಹೇಳುವ ತ್ರಾಣವೂ ಇರಲಿಲ್ಲ.

"ನೋಡವಾ," ಕಾಕಾ ಪಾಠ ಶುರುಮಾಡಿದರು. "ಮಂದೀನ ಕರಿಯಾಕ ನೂರು ದಾರಿ. ಪುಕ್ಕಟೆ ಕ್ಲಾಸು ಕೊಡಬೇಕೋ, ಸಣ್ಣ ವಿಡಿಯೋ ಬಿಡಬೇಕೋ, ಹಳೇ ಹುಡುಗರ ಬಾಯಿಮಾತಿಗೆ ಬಿಡಬೇಕೋ, ಮೊಬೈಲಿಗೆ ಜಾಹೀರಾತು ಕಳಸಬೇಕೋ? ಯಾವುದು ಆರಸಬೇಕು ಅಂತ ದೊಡ್ಡ ದೊಡ್ಡ ಕಂಪನಿಯವರೇ ತಲಿ ಕೆರಕೋತಾರ. ನಮ್ಮ ಉಪಾಯಪ್ಪ ಒಂದು ಮುಷ್ಟಿ ಜೋಳದಾಗ ಆರಿಸಿ ಕೊಡ್ತಾನ! ಆರಸೂದಷ್ಟ ಅಲ್ಲ, ಮಂದಿಗೆ ಸುದ್ದೀನೂ ತಾನೇ ಮುಟ್ಟಸ್ತಾನ!"

"ಜೋಳ ಯಾಕ ಕಾಕಾ?"

"ಜೋಳ ಹಾಕದಿದ್ರ ಗಾಲಿ ತಿರಗೂದಿಲ್ಲ. ಅದೊಂದು ಸ್ವಲ್ಪ ತಿದ್ದೂದೈತಿ."

ಮುಕ್ತಾ ಜೋಳ ಸುರಿದು ರಿಸೀವರಿಗೆ ಬಾಯಿ ಹಚ್ಚಿ, "ಸಮಾಸ ಕಲಿಸ್ತೀನಿ. ಯಾರಾದರೂ ಬರಬೇಕು," ಎಂದಳು.

ಗಿರಣಿ ಗರಗರ ತಿರುಗಿತು. ಹಿಟ್ಟು ಮೆತ್ತಿದ ಚೀಟಿ ಹೊರಬಂತು. ಚಿಗವ್ವ ಊದಿ ಓದಿದಳು: "ರುಚಿ ತೋರಿಸಿ ಕರೆ. ಬಿಸಿ ಬಿಸಿ ಸಮೋಸಾ. ಉಚಿತ."

"ಅಯ್ಯ, ಕಿವಿ ಮಂದ ಐತಿ ಇದಕ್ಕ," ಎಂದು ಕಾಕಾ ರಿಸೀವರನ್ನು ತಟ್ಟಿದರು. "ಚೊಲೋ ಮೈಕ್ ಇದ್ದಿದ್ರ..."

"ಅಲ್ರೀ, ಆ ಮೈಕ್ ನೀವು..." ಎಂದು ಚಿಗವ್ವ ಬಾಯಿ ತೆರೆದಳು. ಕಾಕಾ ಜೋರಾಗಿ ಕೆಮ್ಮಿದರು. ಅಷ್ಟರಲ್ಲಿ ಬಾಗಿಲ ಬೆಲ್ಲು ಸದ್ದು ಮಾಡಿತು.

ಓಣಿಗೆ ಓಣಿಯೇ ಬಂದಿತ್ತು! ಕೆಲವರು ತಟ್ಟೆಯನ್ನೂ ತಂದಿದ್ದರು. ಮೂಲೆಮನೆಯ ಸಿದ್ರಾಮಪ್ಪನವರಂತೂ ಚಟ್ನಿ ಕೆಂಪೋ ಹಸಿರೋ ಎಂದು ವಿಚಾರಿಸಿದರು. ಸುದ್ದಿ ಎಲ್ಲರ ಮೊಬೈಲಿಗೂ ಮುಟ್ಟಿತ್ತು. ಕರೆದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಚಿಗವ್ವ ಗಂಡನ ಏಳು ತಲೆಮಾರನ್ನು ಬಯ್ಯುತ್ತ ಚುರುಮುರಿ ತಂದು, ಉಳ್ಳಾಗಡ್ಡಿ ಹೆಚ್ಚಿ, ಪಾತೇಲಿಗಟ್ಟಲೆ ಗಿರ್ಮಿಟ್ ಕಲಸಿದಳು. ಎಲ್ಲರೂ ತಿಂದರು.

"ಗಿರ್ಮಿಟ್ ಭಾರಿ ಆಗೈತಿ," ಎಂದರು ಸಿದ್ರಾಮಪ್ಪ, ಕೈ ಒರೆಸಿಕೊಳ್ಳುತ್ತ. "ವ್ಯಾಕರಣ ಬ್ಯಾಡ. ನಾಳೆನೂ ಮಾಡ್ತೀರೇನು?"

ಮುಕ್ತಾ ಬಾಗಿಲು ಹಾಕಿದಳು. ಆ ಗದ್ದಲದಲ್ಲಿ ಅವಳೂ ಒಂದು ತಟ್ಟೆ ಗಿರ್ಮಿಟ್ ತಿಂದಿದ್ದಳು. ತಿಂದದ್ದು ಆಮೇಲೆ ಗೊತ್ತಾಯಿತು.

ಮರುದಿನ ಕಾಕಾ ಮತ್ತೆ ಹಾಜರು.

"ತಪ್ಪು ತಿಳೀತು. ಊರಿಗೆಲ್ಲಾ ಡಂಗುರ ಸಾರಿದ್ರ ಹಸಿದವರು ಬರ್ತಾರ. ಯಾರಿಗೆ ತ್ರಾಸ ಐತಿ, ಅವರಿಗಷ್ಟ ಹೇಳಬೇಕು. ನಿನ್ನ ಹುಡುಗರಿಗೆ ಎಲ್ಲಿ ತ್ರಾಸ ಆಕ್ಕೈತಿ, ಹೇಳು."

ಮುಕ್ತಾ ಈ ಸಲ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಸಂಧಿ ಬಿಡಿಸೋದು. ಅದರಾಗ ಬಾಳ ಮಂದಿ ಒದ್ದಾಡ್ತಾರ."

ಚೀಟಿ ಬಂತು: "ಸಂಧಿಯಿಂದ ಒದ್ದಾಡುವವರನ್ನೇ ಹುಡುಕು. ಮೊದಲ ತರಗತಿ ಉಚಿತ. ಶನಿವಾರ ಸಂಜೆ."

"ಈ ಸಲ ಸರಿ ಐತಿ," ಎಂದಳು ಮುಕ್ತಾ. ಕಾಕಾ ಮೀಸೆ ತಿರುವಿದರು. ಊರಿನ ಮೊಬೈಲುಗಳಿಗೆ ಉಪಾಯಪ್ಪ ಏನು ಬರೆದು ಕಳಿಸಿದ ಎಂಬುದನ್ನು ಮಾತ್ರ ಇಬ್ಬರೂ ನೋಡಲಿಲ್ಲ.

ಶನಿವಾರ ಸಂಜೆ ಮುಕ್ತಾ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಕೂತಳು. ಕಾಕಾ, ಚಿಗವ್ವ ಗಿರಣಿಯ ಎರಡೂ ಬದಿಗೆ ಕೂತರು. ಪರದೆಯಲ್ಲಿ ಒಂದು ಚೌಕ ಮೂಡಿತು, ಇನ್ನೊಂದು ಮೂಡಿತು, ಆಮೇಲೆ ಚೌಕಗಳ ಸಂತೆಯೇ ನೆರೆಯಿತು. ಯಾವ ಚೌಕದಲ್ಲೂ ಮುಖವಿರಲಿಲ್ಲ.

ಮೊಣಕಾಲುಗಳು! ದಪ್ಪ ಮೊಣಕಾಲು, ಸೊಟ್ಟ ಮೊಣಕಾಲು, ಧೋತರ ಸರಿಸಿದ ಮೊಣಕಾಲು, ಎಣ್ಣೆ ಹಚ್ಚಿ ಮಿಂಚುವ ಮೊಣಕಾಲು. ಒಂದು ಚೌಕದಲ್ಲಿ ಮೊಣಕೈ.

"ನಮಸ್ಕಾರವಾ ಡಾಕ್ಟರವ್ವಾ," ಎಂದಿತು ಧೋತರದ ಮೊಣಕಾಲು. "ಎಡಗಡೇದು ಮೊದಲ ಬಿಡಸು. ಕುಂತ್ರ ಏಳಾಕ ಬರವಲ್ದು."

ಮುಕ್ತಾ ತನ್ನ ಫೋನು ತೆರೆದು ಉಪಾಯಪ್ಪನ ಸಂದೇಶ ಹುಡುಕಿದಳು. 'ಹಳೇ ಸಂಧಿ, ಬಿಗಿದ ಸಂಧಿ, ಕೂಡಿಕೊಂಡ ಸಂಧಿ! ಯಾವುದೇ ಸಂಧಿಯನ್ನು ನೋವಿಲ್ಲದೆ ಬಿಡಿಸಿಕೊಡಲಾಗುವುದು! ಮನೆಯಲ್ಲೇ ಕೂತು ಬಿಡಿಸಿಕೊಳ್ಳಿ!'

ಹೆಸರಿಡುವ ದಿನ ಅವಳು ಚನ್ನವೀರನಿಗೆ ಹೇಳಿದ್ದಳು: 'ಸಂಧಿ ಅಂತ ಬೋರ್ಡು ಹಾಕಿದ್ರ ಮೊಣಕಾಲಿನ ದವಾಖಾನಿ ಅನ್ಕೋತಾರ.' 'ಬರ್ಲಿ ಬಿಡು, ಅವರಿಗೂ ಕಲಸು,' ಎಂದಿದ್ದ. ಅವಳ ಗಂಟಲಿನಿಂದ ಏನೋ ಸದ್ದು ಹೊರಟಿತು. ನಗು ಎಂದು ಅವಳಿಗೇ ತಡವಾಗಿ ತಿಳಿಯಿತು.

"ಅಜ್ಜಾರ, ನಾ ಡಾಕ್ಟರ್ ಅಲ್ರಿ. ಇದು ವ್ಯಾಕರಣ."

"ಯಾ ಕರಣ ಆದರೂ ಅಡ್ಡಿ ಇಲ್ಲವಾ. ನೋವು ಹೋದ್ರ ಸಾಕು."

"ಬಂದೇವಿ, ಏನರ ಒಂದು ಹೇಳಿ ಕಳಸು," ಎಂದಿತು ಎಣ್ಣೆ ಹಚ್ಚಿದ ಮೊಣಕಾಲು, ದನಿ ಅಜ್ಜಿಯದು.

ಹೇಳದೆ ವಿಧಿಯಿಲ್ಲ. ಮುಕ್ತಾ ಹಲಗೆಯ ಮೇಲೆ ಬರೆದಳು. "ನಿಮ್ಮ ಕಾಲೇ ತಗೊಳ್ರಿ. ಕಾಲು, ಅನ್ನು. ಎರಡೂ ಕೂಡಿದ್ರ ಕಾಲನ್ನು. 'ಲು' ಒಳಗಿನ ಉ ಎಲ್ಲಿ ಹೋತು?"

"ಹೋಗೇ ಬಿಟ್ತೇನು?" ಅಜ್ಜ ಗಾಬರಿಯಾದರು. "ಪಾಪ!"

"ಹೋತ್ರಿ. ಇದ್ದದ್ದು ಹೋಗೂದಕ್ಕ ಲೋಪ ಅಂತಾರ. ಇನ್ನ ಕೈ ನೋಡ್ರಿ. ಕೈ, ಅನ್ನು. ಕೈಯನ್ನು. ಯಾರೂ ಹೋಗಲಿಲ್ಲ, ನಡುವ ಯ ಬಂತು. ಇಲ್ಲದ್ದು ಬರೂದು ಆಗಮ."

ಅಜ್ಜಿ ಮೊಣಕಾಲಿನ ಎಣ್ಣೆ ತಿಕ್ಕುತ್ತ ಅಂದಳು: "ಹೋದವರೂ ಅದಾರ, ಬಂದವರೂ ಅದಾರ. ನಮ್ಮ ಮನಿ ಇದ್ದಂಗ ಐತಲ್ಲ ನಿನ್ನ ಯಾಕರಣ."

ಮುಕ್ತಾ ಹಲಗೆ ಒರೆಸಿ ಮತ್ತೆ ಬರೆದಳು. "ಮೂರನೇದು, ಮಳೆ, ಕಾಲ. ಮಳೆಗಾಲ. ಕ ಹೋಗಿ ಅದರ ಜಾಗಾಕ್ಕ ಗ ಬಂತು. ಇದಕ್ಕ ಆದೇಶ ಅಂತಾರ."

"ಆದೇಶ ಸಿಕ್ಕಿತು!" ಎಂದು ಉಪಾಯಪ್ಪ ಮೊದಲ ಸಲ ಬಾಯಿ ಬಿಟ್ಟ, ರಿಸೀವರಿನೊಳಗಿಂದ.

ಅವನ ಮಂದ ಕಿವಿಗೆ ಆ ಇಡೀ ಪಾಠದಲ್ಲಿ ಅದೊಂದು ಮಾತು ಸ್ಪಷ್ಟವಾಗಿ ಕೇಳಿಸಿತ್ತು. ಮೊದಲು ಆಗಮವಾಯಿತು: ಹೊಟ್ಟೆಯಲ್ಲಿದ್ದ ಹಿಟ್ಟೆಲ್ಲ ಮೇಲಕ್ಕೆ ಚಿಮ್ಮಿ ಕಾಕಾ ಅಡಿಯಿಂದ ಮುಡಿಯವರೆಗೆ ಬಿಳಿಯಾದರು! ಆಮೇಲೆ ಲೋಪ. ಚೀಟಿಗಳು ಒಂದರ ಹಿಂದೆ ಒಂದು ಉದುರಿದವು. ಯಂತ್ರ ತನ್ನ ಹೆಸರನ್ನೇ ಬರೆಯುತ್ತಿತ್ತು.

"ಉಪಾಯಪ್ಪ," ಚಿಗವ್ವ ಹೆಕ್ಕಿ ಹೆಕ್ಕಿ ಓದಿದಳು. "ಪಾಯಪ್ಪ. ಯಪ್ಪ. ಪ್ಪ."

ಕೊನೆಯ ಚೀಟಿ ಖಾಲಿ. 'ಪ್' ಎಂದು ಸಣ್ಣ ಸದ್ದಾಗಿ ಹೊಗೆ ಬಂತು.

"ಏನಾತದಕ್ಕ?" ಕಾಕಾ ಹಿಟ್ಟಿನೊಳಗಿಂದ ಕೇಳಿದರು.

"ಸ್ವರಲೋಪ," ಎಂದಳು ಮುಕ್ತಾ.

ಅಷ್ಟರಲ್ಲಿ ಪರದೆಯ ಮೇಲೆ ಎಣ್ಣೆಯ ಮೊಣಕಾಲು ಅಲುಗಾಡಿತು. ಫೋನು ಮೇಲಕ್ಕೆ ತಿರುಗಿ ಎಳೆಯ ಮುಖವೊಂದು ಕಂಡಿತು.

"ಅಕ್ಕಾರ, ನಾ ಹೇಮಾ, ಇವರ ಸೊಸಿ. ಅತ್ತಿಯವರ ಕಾಲು ತೋರಸಾಕ ಫೋನ್ ಹಿಡಕೊಂಡು ಕುಂತಿದ್ದೆ. ಶಿಕ್ಷಕರ ಪರೀಕ್ಷಾಕ್ಕ ಇದೇ ಬರ್ತೈತಲ್ರೀ? ಬಿ.ಎಡ್. ಆಗೇತ್ರಿ ನಂದು. ಲಗ್ನ ಆದಮ್ಯಾಲ ಬುಕ್ಕು ಮುಟ್ಟಿಲ್ಲ. ನನ್ನ ಸೇರಿಸ್ಕೋತೀರೇನ್ರಿ?"

"ಸೇರಸ್ಕೋರಿ," ಎಂದಳು ಅಜ್ಜಿ ಚೌಕದ ಹೊರಗಿನಿಂದ. "ನನ್ನ ಕಾಲಂತೂ ನೆಟ್ಟಗ ಆಗಲಿಲ್ಲ, ಇಕಿದರ ಆಗಲಿ."

ಮುಕ್ತಾ ಪರದೆಯನ್ನು ನೋಡಿದಳು. ಅಷ್ಟೂ ಮೊಣಕಾಲುಗಳ ಹಿಂದೆ ಯಾರೋ ಒಬ್ಬರು ಫೋನು ಹಿಡಿದುಕೊಂಡಿರಲೇಬೇಕಲ್ಲ! ಕರೆಯುವುದು ಅವಳ ಕೆಲಸವಾಗಿರಲಿಲ್ಲ. ಗಂಟಲು ಸರಿ ಮಾಡಿಕೊಂಡು ಕರೆದಳು.

"ಇನ್ನೂ ಯಾರ್‍ಯಾರು ಫೋನ್ ಹಿಡಕೊಂಡು ಕುಂತೀರಿ? ಒಮ್ಮೆ ನಿಮ್ಮ ಮುಖಾ ತೋರಸ್ರಿ."

ಒಂದು ಮೊಣಕಾಲು ಸರಿದು ಮುಖವಾಯಿತು. ಇನ್ನೊಂದು ಸರಿಯಿತು. ಸೊಸೆಯರು, ಮಗಳಂದಿರು, ಕನ್ನಡಕದ ಒಬ್ಬ ಅಳಿಯ. ಧೋತರದ ಅಜ್ಜ ಮಾತ್ರ ಕಾಲು ಕದಲಿಸಲಿಲ್ಲ. ಅವರ ಫೋನು ಅಡಕೆಯ ಡಬ್ಬಿಗೆ ಆತುಕೊಂಡಿತ್ತು.

ರವಿವಾರ ಅಣ್ಣ ಟೆಂಪೋ ತಂದ. ಮುಕ್ತಾ ಹೊಸ ಬ್ಯಾಚಿನ ಹೆಸರುಗಳನ್ನು ಹೇಳಿದಳು. ಅಣ್ಣ ಕೇಳಿ, ತಲೆ ಕೆರೆದುಕೊಂಡು, ಚಹಾ ಕುಡಿದ. ಈ ಸಲ ಸಕ್ಕರೆ ಇತ್ತು.

"ಖಾಲಿ ಟೆಂಪೋ ವಾಪಸ್ ಒಯ್ಯಲೇನು?" ಎಂದ.

"ಖಾಲಿ ಯಾಕ? ನನ್ನ ಗಿರಣಿ ಒಯ್ಯಿ ತಮ್ಮಾ," ಎಂದಳು ಚಿಗವ್ವ. "ಗದಗಿನಾಗ ದುರಸ್ತಿ ಮಾಡವ್ರು ಅದಾರಂತ. ಬರೇ ಹಿಟ್ಟು ಬೀಸೂವಂಗ ಮಾಡಿ ತಾ."

ಟೆಂಪೋ ಹೋದ ಮೇಲೆ ಮುಕ್ತಾ ಒಳಗೆ ಹೋಗಿ ಮೇಜಿನ ಮೇಲಿದ್ದ ಮೈಕನ್ನು ಎತ್ತಿಕೊಂಡಳು. ಚನ್ನವೀರ ಇದ್ದಾಗಿನ ಮೊದಲ ತರಗತಿಯ ದಿನದಿಂದ ಅದು ಅಲ್ಲೇ ಇತ್ತು. ಚಿಗವ್ವ ಅರ್ಧಕ್ಕೆ ಬಿಟ್ಟ ಮಾತು ನೆನಪಾಗಿ ತಿರುವಿ ನೋಡಿದಳು. ತಳದಲ್ಲಿ ಕೆಂಪು ಬಣ್ಣದ 'ಅ'. ಓಣಿಯಲ್ಲಿ ತಮ್ಮ ಸುತ್ತಿಗೆ, ಏಣಿ, ಕೊಡೆಗೆಲ್ಲ ಹಾಗೆ ಬಣ್ಣ ಬಳಿಯುವವರು ಒಬ್ಬರೇ. ಮೈಕಿಗೆ ಚನ್ನವೀರ ತನ್ನ ಕರವಸ್ತ್ರ ಸುತ್ತಿ ಇಟ್ಟಿದ್ದ. ಕರವಸ್ತ್ರ ಬಿಚ್ಚಿ ಇಟ್ಟುಕೊಂಡು, ಮೈಕನ್ನು ಒಯ್ದು ಪಕ್ಕದ ಮನೆಯ ಕಟ್ಟೆಯ ಮೇಲಿಟ್ಟಳು.

"ಕಾಕಾ, ನಿಮ್ಮದು. ಅವರು ಕಡಾ ತಂದದ್ದು. ಒಂದು ಮಾತು ಕೇಳಿದ್ರ ಕೊಡ್ತಿದ್ದೆ."

ಕಾಕಾ ನೆಲ ನೋಡಿದರು. "ಹೋದವರ ಮನ್ಯಾಗ ಹೆಂಗ ಕೇಳೂದವಾ? ಇರಲಿ, ನಿನಗ ಕ್ಲಾಸಿಗೆ ಬೇಕಾಕ್ಕೈತಿ."

"ಬ್ಯಾಡ ಕಾಕಾ. ನಿನ್ನೆ ಮೈಕ್ ಹಚ್ಚದೆ ಕರದೆ, ಎಲ್ಲಾರಿಗೂ ಕೇಳಿಸ್ತು."

ಕಾಕಾ ಮೈಕನ್ನು ಎತ್ತಿಕೊಂಡರು. ಅವರ ಕಣ್ಣು ಆಗಲೇ ಹೊಳೆಯತೊಡಗಿತ್ತು. "ಇದನ್ನ ನಮ್ಮ ಮಿಕ್ಸರಿಗೆ ಹಚ್ಚಿದ್ರ..."

"ಮಿಕ್ಸರಿಗೆ ಬ್ಯಾಡ," ಎಂದಳು ಚಿಗವ್ವ. "ನಿಮ್ಮ ಕಿವಿಗೆ ಹಚ್ಕೋರಿ."