ಸೊನ್ನೆ ಡಿಗ್ರಿಗೆ ಮೂರು ವೀಸಾ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ಸೇತುವೆ, ಅರಮನೆಗಳ ಬಗ್ಗೆ ಹೇಳುತ್ತಾರೆ. ನನಗೆ ನೆನಪಾಗುವುದು ವೀಸಾ ಫಾರಂ. ನಮ್ಮ ಬಳಗದವರು ಇಂಥ ಫಾರಂ ಮುಟ್ಟಿದರೆ ಏನಾದರೊಂದು ಆಗಿಯೇ ಆಗುತ್ತದೆ. ಆದಾಗಲೆಲ್ಲ ಪೆನ್ನು ಹಿಡಿದು ಪಕ್ಕದಲ್ಲಿ ನಾನಿರುತ್ತೇನೆ. ತುಮಕೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನಿಗೆ ಪ್ರಪಂಚದ ಎಲ್ಲ ಫಾರಂಗಳೂ ಅರ್ಥವಾಗುತ್ತವೆ ಎಂಬುದು ಅವರ ನಂಬಿಕೆ.

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಗುಬ್ಬಿಯ ನಮ್ಮ ಸೋದರತ್ತೆ ಮೂವತ್ತು ವರ್ಷ ಸ್ಕೂಲಿನಲ್ಲಿ ಭೂಗೋಳ ಕಲಿಸಿ ರಿಟೈರ್ ಆಗಿದ್ದರು. ಅವರಿಗಿದ್ದದ್ದು ಒಂದೇ ಆಸೆ. ಲಂಡನ್ನಿನಲ್ಲಿ ಸೊನ್ನೆ ಡಿಗ್ರಿ ರೇಖಾಂಶ ಹಾದುಹೋಗುವ ಕಡೆ ನೆಲದ ಮೇಲೆ ಗೆರೆ ಎಳೆದಿದ್ದಾರಂತೆ. ಅದರ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಟ್ಟು ನಿಲ್ಲಬೇಕು.

"ಕಣ್ಣಲ್ಲಿ ನೋಡ್ದೆ ಇರೋದನ್ನ ಮೂವತ್ತು ವರ್ಷ ಇದೆ ಇದೆ ಅಂತ ಹೇಳ್ಕೊಂಡು ಬಂದಿದೀನಿ ಕಣೋ. ಇದ್ಯೋ ಇಲ್ವೋ ನೋಡ್ಬೇಕು" ಎಂದರು. ಸಂದೇಹ ನಮ್ಮ ವಂಶದಲ್ಲೇ ಇದೆ.

ತೆಂಗಿನ ತೋಟ ಬಿಟ್ಟು ಕದಲದ ಮಾವನೂ ಒಪ್ಪಿದರು. ಆದರೆ ಇಂಗ್ಲಿಷಿಗೆ ನಾನು ಜೊತೆಯಲ್ಲಿರಬೇಕು. ಒಬ್ಬರಿಗೆ ವೀಸಾ ಸಿಗದಿದ್ದರೂ ಮೂವರೂ ಮನೆಯಲ್ಲೇ. ಇದು ಅವರ ಷರತ್ತು.

ಮಾವನ ಕೇಸು

ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಫಾರಂ ತುಂಬಲು ಕೂತೆವು. ನಿಮ್ಮ ಮೇಲೆ ಕ್ರಿಮಿನಲ್ ಕೇಸೇನಾದರೂ ಇದೆಯೇ ಎಂಬ ಪ್ರಶ್ನೆಗೆ ಮಾವನನ್ನು ಕೇಳದೆಯೇ "ಇಲ್ಲ" ಎಂದು ಬರೆಯಹೊರಟೆ. ಅವರು ಕೈ ಹಿಡಿದರು.

"ಇದೆ, ಬರಿ."

"ಏನು ಮಾವ ಕೇಸು?"

"ನನ್ನ ತಮ್ಮನ್ದು. ಮರದ ಬುಡ ನನ್ ತೋಟದಲ್ಲೈತೆ, ತಲೆ ಅವನ ತೋಟದ ಮೇಲೆ ಬಗ್ಗೈತೆ. ಕಾಯಿ ಯಾರ್ದು?"

"ಅದು ಕ್ರಿಮಿನಲ್ ಅಲ್ಲ, ಸಿವಿಲ್."

"ಅವನು ಆಡೋ ಆಟ ನೋಡಿದ್ರೆ ನೀನು ಹಂಗನ್ನಲ್ಲ."

ನಾನು "ಇಲ್ಲ" ಎಂದೇ ಬರೆದೆ. ಮಾವ ಎರಡು ದಿನ ಮಾತು ಬಿಟ್ಟರು. ಹದಿನೆಂಟು ವರ್ಷ ಗುಬ್ಬಿ ಕೋರ್ಟಿಗೆ ಅಲೆದ ಮನುಷ್ಯ. ಮೂರನೆಯ ದಿನ ಅತ್ತೆಯ ಹತ್ತಿರ ಗೊಣಗಿದರಂತೆ: "ಬ್ರಿಟಿಷರ ಕಿವಿಗಾದ್ರೂ ಬೀಳ್ಲಿ ಅಂತಿದ್ದೆ. ಅವರು ಇಲ್ಲಿ ಆಳ್ತಿದ್ದಾಗಲೇ ಆಗಿದ್ರೆ ಮೂರು ತಿಂಗಳಲ್ಲಿ ಮುಗೀತಿತ್ತು."

ಒಪ್ಪುವ ಫೋಟೋ

ಫೋಟೋ ತೆಗೆಸಿದ್ದು ಮರಳೂರಿನ ಒಂದು ಸ್ಟುಡಿಯೋದಲ್ಲಿ. ಕಿವಿ ಕಾಣಬೇಕು, ನಗಬಾರದು, ಹಿಂದೆ ಬಿಳಿ ಬಣ್ಣ ಇರಬೇಕು. ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೊಟ್ಟೆ. ಎರಡು ದಿನ ಬಿಟ್ಟು ಹೋದರೆ ಫೋಟೋದಲ್ಲಿ ಮಾವ ಇರಲಿಲ್ಲ. ಅವರ ಹೋಲಿಕೆಯ ನಲವತ್ತರ ಗಂಡಸೊಬ್ಬ ಇದ್ದ. ತಲೆ ಕಪ್ಪು, ಕೆನ್ನೆ ನುಣುಪು. ಪಾಸ್‌ಪೋರ್ಟಿನಲ್ಲಿ ಗುರುತಿನ ಚಿಹ್ನೆ ಎಂದು ನಮೂದಾಗಿದ್ದ ಕೆನ್ನೆಯ ಮಚ್ಚೆ ಮಾಯ.

"ಮಚ್ಚೆ ಎಲ್ಲಿ?" ಎಂದೆ.

"ತೆಗೆದ್ಬುಟ್ಟೆ ಸಾರ್. ಹೆಣ್ಣಿನ ಕಡೆಯೋರು ಮೊದ್ಲು ಅದನ್ನೇ ನೋಡೋದು."

"ಇವರಿಗೆ ಅರವತ್ತಮೂರು ಕಣ್ರೀ. ಇದು ವೀಸಾಗೆ."

"ಅಲ್ಲಿಯೋರೂ ಒಪ್ಬೇಕಲ್ವಾ ಸಾರ್!"

ಮಚ್ಚೆ ಸಮೇತ ಇನ್ನೊಂದು ತೆಗೆಯಿರಿ ಎಂದೆ. ಅತ್ತೆ ಈ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಮದುವೆಗೆ ಮುಂಚೆ ನಂಗೆ ತೋರ್ಸಿದ್ದೂ ಇಂಥದ್ದೇ ಕಣೋ" ಎಂದರು.

ಮದುವೆಗೆ ಸಾಕ್ಷಿ

ಅತ್ತೆಯ ಪಾಸ್‌ಪೋರ್ಟಿನಲ್ಲಿ ತವರಿನ ಇನಿಷಿಯಲ್ಲೇ ಉಳಿದಿತ್ತು. ಇಬ್ಬರೂ ಗಂಡ ಹೆಂಡತಿ ಎನ್ನಲು ಏನಾದರೂ ಕಾಗದ ಇಡಿ ಎಂದ ಟ್ರಾವೆಲ್ ಏಜೆಂಟ್. ಆ ಕಾಲದಲ್ಲಿ ಮದುವೆಗೆ ಚಪ್ಪರ ಇತ್ತು, ಸರ್ಟಿಫಿಕೇಟ್ ಇರಲಿಲ್ಲ. ಮದುವೆ ನಡೆದದ್ದು ಮಾರ್ಕೋನಹಳ್ಳಿ ಹತ್ತಿರದ ಅತ್ತೆಯ ಊರಿನಲ್ಲಿ. ಅಲ್ಲಿಂದ ಒಬ್ಬ ಅಜ್ಜನನ್ನು ಹುಡುಕಿ ಕುಣಿಗಲ್ಲಿನ ನೋಟರಿ ಮುಂದೆ ಕೂರಿಸಿದೆ.

"ಇವರ ಮದುವೆ ಕಣ್ಣಾರೆ ನೋಡಿದೀರಾ?" ಎಂದು ನೋಟರಿ ಕೇಳಿದರು.

"ಇಲ್ಲ ಸ್ವಾಮಿ. ಊಟಕ್ಕೆ ಹೋಗಿದ್ದೆ."

"ತಾಳಿ ಕಟ್ಟೋದು?"

"ಅಷ್ಟೊತ್ಗೆ ಪಂಕ್ತಿ ಹಿಡಿಯಾಕೆ ಹೋಗಿದ್ದೆ. ಊಟ ಹಾಕವ್ರೆ ಅಂದ್ಮೇಲೆ ತಾಳಿ ಕಟ್ಟವ್ರೆ ಅಂತ್ಲೇ ಅಲ್ವಾ?"

ನೋಟರಿ ಒಪ್ಪಿದರು. ಅಜ್ಜ ಹೆಬ್ಬೆಟ್ಟನ್ನು ಇಂಕ್ ಪ್ಯಾಡಿನ ಮೇಲೆ ಒತ್ತಿ, ಕಾಗದದ ಮೇಲೆ ಮಾತ್ರ ಒತ್ತಲಿಲ್ಲ.

"ಸತ್ಯ ಹೇಳ್ತೀನಿ ಅಂತ ಪ್ರಮಾಣ ಮಾಡ್ಸಿದೀರಿ. ನಮ್ ಪಂಕ್ತಿಗೆ ಹೋಳಿಗೆ ಬರ್ಲಿಲ್ಲ. ಅದನ್ನೂ ಬರ್ಕಳಿ."

ಬರೆಯದೆ ವಿಧಿ ಇರಲಿಲ್ಲ. ಬ್ರಿಟಿಷರ ಕಡತದಲ್ಲಿ ಇಂದಿಗೂ ಆ ಸಾಲು ಇದ್ದೀತು: ಮದುವೆ ಆಗಿದೆ, ಹೋಳಿಗೆ ಸಾಲಲಿಲ್ಲ.

ಗಾಜಿನ ಕಿಟಕಿ

ಚೆನ್ನೈನ ವೀಸಾ ಕಚೇರಿ. ಗಾಜಿನ ಹಿಂದೆ ಬಿಳಿಯ ಅಧಿಕಾರಿ, ಪಕ್ಕದಲ್ಲಿ ಕನ್ನಡಕ್ಕೊಬ್ಬಳು ದುಭಾಷಿ. ನಮಗಿಂತ ಮುಂಚಿನ ನಾಲ್ವರು ಪೆಚ್ಚುಮೋರೆ ಹಾಕಿಕೊಂಡು ವಾಪಸಾಗಿದ್ದರು. ಅತ್ತೆ, ಮಾವ ಒಟ್ಟಿಗೆ ಕಿಟಕಿಗೆ ಹೋದರು. ಎರಡು ಹೆಜ್ಜೆ ಹಿಂದೆ ನಾನು.

"ಎಲ್ಲಿಗೆ ಹೋಗ್ತಾ ಇದೀರಾ?" ಎಂದು ದುಭಾಷಿ ಅಧಿಕಾರಿಯ ಮೊದಲ ಪ್ರಶ್ನೆ ದಾಟಿಸಿದಳು.

ಮಾವನ ಮುಖ ಕಪ್ಪಿಟ್ಟಿತು. ನಮ್ಮ ಕಡೆ, ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು; ಕೇಳಿದರೆ ಕೆಲಸ ಕೆಟ್ಟಂತೆ. ಪರಿಹಾರವೂ ಇದೆ. ಹಿಂದಕ್ಕೆ ಬಂದು ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಹೊಸದಾಗಿ ಹೊರಡುವುದು. ಮಾವ ತಿರುಗಿ ಬಂದು, ಮೂಲೆಯ ನೀರಿನ ಕ್ಯಾನಿನ ಪಕ್ಕ ಕುರ್ಚಿಯಲ್ಲಿ ಕೂತರು.

ನಾನು ಓಡಿದೆ. "ಮಾವ, ಏಳಿ! ಮೂವರ ವೀಸಾನೂ ಹೋಗುತ್ತೆ."

"ಹೊರಟೋರ್ನ ಎಲ್ಲಿಗೆ ಅಂತಾನಲ್ಲೋ! ಅವನ ಮನೇಲಿ ಹಿರೀಕರು ಯಾರೂ ಇಲ್ವಾ?"

"ಇದೆಲ್ಲ ಮೂಢನಂಬಿಕೆ."

"ನೀನು ಎಮ್ಮೆಸ್ಸಿ. ಸುಮ್ನಿರು."

ಅತ್ತ ಕಿಟಕಿಯಲ್ಲಿ ಅತ್ತೆ ಒಬ್ಬರೇ ಫೈಲು ತಬ್ಬಿಕೊಂಡು, ತಮ್ಮ ಸ್ಕೂಲಿನ ಇಂಗ್ಲಿಷಿನಲ್ಲಿ ಅಧಿಕಾರಿಗೆ ಈ ಶಾಸ್ತ್ರದ ಪಾಠ ಮಾಡುತ್ತಿದ್ದರು. ಆತ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ. ಮಾವ ನೀರು ಕುಡಿದರು, ಬಾಗಿಲವರೆಗೆ ಹೋದರು, ಬಲಗಾಲಿಟ್ಟು ಮತ್ತೆ ಒಳಬಂದು ಕಿಟಕಿಗೆ ನಿಂತರು.

"ಹಾಗಾದ್ರೆ ಏನಂತ ಕೇಳ್ಬೇಕು, ಅಂತ ಕೇಳ್ತಿದಾರೆ" ಎಂದಳು ದುಭಾಷಿ.

"ಯಾವಾಗ ಬರ್ತೀರಾ ಅನ್ಬೇಕು ಕಣಮ್ಮ."

ಅಧಿಕಾರಿ ಹಾಗೆಯೇ ಕೇಳಿದ.

"ಹಂಗ್ ಕೇಳಿ! ಹದಿಮೂರನೇ ದಿನ, ಭಾನುವಾರ. ಸೋಮವಾರ ಕಾಯಿ ಕೀಳೋರು ಬರ್ತಾರೆ. ನಾನಿಲ್ದಿದ್ರೆ ಮರ ಹತ್ತಲ್ಲ, ಎಳನೀರು ಕುಡ್ಕೊಂಡು ಕೂತ್ಕತಾರೆ."

ಬೆಳಗಿನಿಂದ ಆತ ಎಲ್ಲರನ್ನೂ ಸುತ್ತಿ ಬಳಸಿ ಕೇಳುತ್ತಿದ್ದದ್ದು ಅದೊಂದನ್ನೇ: ಇವರು ವಾಪಸ್ ಬರುತ್ತಾರೋ ಇಲ್ಲವೋ. ಜೋರಾಗಿ ನಕ್ಕುಬಿಟ್ಟ. ಎರಡೂ ಫಾರಂಗಳ ಮೇಲೆ ಮೊಹರು ಬಿತ್ತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದು, "ನೀನೊಬ್ಬ ಕೆಡಿಸ್ಬೇಡ ಕಣಪ್ಪಾ" ಎಂದರು.

ನನ್ನ ಸರದಿ. ದುಭಾಷಿಯ ಹಂಗಿಲ್ಲ, ಉತ್ತರಗಳು ಬಾಯಿಪಾಠ. ಅಧಿಕಾರಿ ನನ್ನ ಫೈಲು ತೆರೆದು, ಅಭ್ಯಾಸಬಲದಿಂದ, ಎಲ್ಲಿಗೆ ಹೋಗುತ್ತಿದ್ದೀರಿ ಎಂದ.

ಹಿಂದಿನಿಂದ ಅತ್ತೆ "ಅಯ್ಯೋ" ಎಂದದ್ದು ಕೇಳಿಸಿತು.

ನಾನು ವಿಜ್ಞಾನ ಓದಿದವನು. ಕಣ್ಣೆದುರು ನಡೆದ ಪ್ರಯೋಗ ಒಂದೇ ಒಂದು. ಆದರೆ ಫಲಿತಾಂಶ ನೂರಕ್ಕೆ ನೂರು.

ಒಂದು ನಿಮಿಷ ಎಂದು ಹೇಳಿ ಹೋಗಿ ಕ್ಯಾನಿನ ಪಕ್ಕ ಕೂತೆ. ಮಾವ ಲೋಟ ತುಂಬಿ ಕೊಟ್ಟು, "ಪೂರ್ತಿ ಕುಡಿ" ಎಂದರು.

ವೀಸಾ ಸಿಕ್ಕಿತು. ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತ ಅತ್ತೆಯ ಫೋಟೋ ಗುಬ್ಬಿಯ ಮನೆಯ ಗೋಡೆಯ ಮೇಲಿದೆ. ಹೋದಾಗಲೆಲ್ಲ ಮಾವ ಅದರ ಕೆಳಗೆ ನನ್ನನ್ನು ನಿಲ್ಲಿಸಿ, ಬಂದವರಿಗೆಲ್ಲ ಆ ನೀರಿನ ಕಥೆ ಹೇಳುತ್ತಾರೆ.

ನನಗೆ ಬಾಯಾರಿತ್ತು. ಚೆನ್ನೈ ಸೆಕೆ. ಅಷ್ಟೇ.